ಮಿಸ್, ಒಂದ್ ಡೌಟು

ಹೋದ ತಿಂಗಳು ನಮ್ಮ ತಾಲ್ಲೂಕಿನ ಗುರುಭವನದಲ್ಲಿ ಹೈಸ್ಕೂಲ್ ಟೀಚರ್‌ಗಳು, ಶಾಲೆ ನೋಡ್ಕೊಳ್ಳೋ ಸಮಿತಿ ಅಂದ್ರೆ ಎಸ್‌ಡಿಎಂಸಿ ಸದಸ್ಯರು, ಒಂದಷ್ಟು ಜನ ಅಪ್ಪ ಅಮ್ಮಂದಿರು ಸೇರಿದ್ದ ಸಭೇಲಿ ನಾನು ಮಾತಾಡಿದ್ದು ಇದು. ರೆಕಾರ್ಡಿಂಗ್ ಸರಿಯಾಗಿ ಕೇಳಿಸ್ತಿಲ್ಲ, ಬರೆದು ಹಾಕಿ ಅಂತ ಸುಮಾರು ಜನ ಅಂದ್ರು. ಮಾತಾಡಿದ ಹಾಗೇ ಬರೆದಿದೀನಿ, ಅವತ್ತು ಹೇಳೋಕೆ ಮರೆತಿದ್ದನ್ನ ಒಂದೆರಡು ಕಡೆ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ನಾನು ಸಮಾಜ ವಿಜ್ಞಾನದ ಟೀಚರ್, 17 ವರ್ಷದಿಂದ ಸರ್ಕಾರಿ ಹೈಸ್ಕೂಲಲ್ಲೇ ಇದೀನಿ. ಇವತ್ತು ನಂಗೆ ಕೊಟ್ಟಿರೋದು ಮೂರು ವಿಷಯ, ವಿದ್ಯಾರ್ಥಿಗಳಿಗೆ ಬೆಂಬಲ, ವ್ಯಕ್ತಿತ್ವ ವಿಕಸನ, ಮಾಹಿತಿ ಹುಡುಕೋ ಕೌಶಲ. ಆಹ್ವಾನ ಪತ್ರಿಕೇಲಿ ಮೂರನ್ನೂ ಬೇರೆ ಬೇರೆ ಸಾಲಲ್ಲಿ ಹಾಕಿದಾರೆ, ಶಾಲೇಲೂ ನಾವು ಮೂರಕ್ಕೂ ಮೂರು ಫೈಲ್ ಇಟ್ಟಿರ್ತೀವಿ, ಆದ್ರೆ ಮಕ್ಕಳ ಜೊತೆ ಇದ್ದು ಇದ್ದು ನಂಗೆ ಅನಿಸಿರೋದು ಇವು ಮೂರೂ ಒಂದೇ ಕೆಲಸ ಅಂತ. ಕೇಳೋದು ಕಲಿಸೋ ಕೆಲಸ. ನಮ್ ಕನ್ನಡದಲ್ಲಿ ಕೇಳೋದು ಅಂದ್ರೆ ಪ್ರಶ್ನೆ ಕೇಳೋದೂ ಹೌದು, ಕಿವಿಗೊಟ್ಟು ಕೇಳೋದೂ ಹೌದು. ಮಗು ಮೊದಲನೇದನ್ನ ಕಲೀಬೇಕು ಅಂದ್ರೆ ನಾವು ಎರಡನೇದನ್ನ ಮಾಡ್ಬೇಕು, ಇಷ್ಟೇ ನಾನು ಹೇಳೋಕೆ ಬಂದಿರೋದು.

ಒಂದು ಹುಡುಗಿ ವಿಷಯ ಹೇಳ್ತೀನಿ. ಹತ್ತನೇ ಕ್ಲಾಸು, ಅವರೂರು ಶಾಲೆಯಿಂದ 9 ಕಿಲೋಮೀಟರ್. ಡಿಸೆಂಬರಲ್ಲಿ ಸಂಜೆ ಸ್ಪೆಷಲ್ ಕ್ಲಾಸ್ ಶುರುವಾದ್ಮೇಲೆ ವಾರಕ್ಕೆ ಎರಡು ಮೂರು ದಿನ ಹೇಳದೆ ಕೇಳದೆ ಎದ್ದು ಹೊರಟುಬಿಡ್ತಿದ್ಲು. ಸ್ಟಾಫ್ ರೂಮಲ್ಲಿ ಆಗ್ಲೇ ಅವಳಿಗೆ ಒಂದು ಹೆಸರು ಬಿದ್ದಿತ್ತು, ಓದೋ ಇಂಟ್ರೆಸ್ಟ್ ಇಲ್ಲ ಅಂತ. ನಾನೂ ಎರಡ್ ಸಲ ಎಲ್ಲರ ಮುಂದೆ ನಿಲ್ಲಿಸಿ ಬೈದಿದೀನಿ, ಈಗ ನೆನೆಸ್ಕೊಂಡ್ರೂ ಸಂಕಟ ಆಗುತ್ತೆ. ಬೈದಾಗೆಲ್ಲ ತಲೆ ತಗ್ಗಿಸಿ ಸಾರಿ ಮಿಸ್ ಅಂತಿದ್ಲೇ ಹೊರತು ಕಾರಣ ಹೇಳ್ತಿರ್ಲಿಲ್ಲ. ಒಂದಿನ ಬಿಸಿಯೂಟ ಆದ್ಮೇಲೆ ನಲ್ಲಿ ಹತ್ರ ತಟ್ಟೆ ತೊಳೀತಿದ್ಲು, ನಾನೂ ಕೈ ತೊಳೆಯೋಕೆ ಹೋಗಿದ್ದೆ, ಸುಮ್ನೆ ಕೇಳಿದೆ, ಮನೆಗೆ ಎಷ್ಟೊತ್ತಿಗೆ ಹೋಗಿ ಸೇರ್ತೀಯವ್ವ ಅಂತ. ಐದೂ ಹತ್ತರ ಬಸ್ಸಿಗೆ ಹೋದ್ರೆ ಆರಕ್ಕೆ ಮಿಸ್ ಅಂದ್ಲು. ಅದು ತಪ್ಪಿದ್ರೆ? ಆಮೇಲೆ ಏಳೂ ಮುಕ್ಕಾಲಿಗೇ ಮಿಸ್, ಅದು ಊರೊಳಗೆ ಬರಲ್ಲ, ಗೇಟಲ್ಲಿ ಇಳಿಸಿ ಹೋಗುತ್ತೆ. ಗೇಟಿಂದ ಊರಿಗೆ 2 ಕಿಲೋಮೀಟರ್, ಎರಡೂ ಕಡೆ ಜಾಲಿ, ಒಂದು ಲೈಟೂ ಉರಿಯಲ್ಲ. ನಮ್ ಕ್ಲಾಸ್ ಮುಗೀತಿದ್ದಿದ್ದು ಐದೂವರೆಗೆ. ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಅಂದೆ. ತಟ್ಟೆ ಒರೆಸ್ತಾ ಅವಳು ಹೇಳಿದ್ದು, ಹೇಳಿದ್ರೆ ನೀವು ಅಪ್ಪನ್ನ ಕರೆಸ್ತೀರ, ಕರೆಸಿದ್ರೆ ಅಪ್ಪ ಅಷ್ಟು ಕಷ್ಟ ಆದ್ರೆ ಸ್ಕೂಲೇ ಬೇಡ ಬಿಡು ಅಂತಾರೆ.

ಅಂದ್ರೆ ಅವಳು ಓದೋಕೋಸ್ಕರಾನೇ ಸುಮ್ನಿದ್ಲು, ನಾವು ಅದನ್ನ ಓದೋ ಮನಸ್ಸಿಲ್ಲ ಅಂತ ತಿಳ್ಕೊಂಡಿದ್ವಿ.

ಎಚ್‌ಎಂ ಹತ್ರ ಮಾತಾಡಿ ಸ್ಪೆಷಲ್ ಕ್ಲಾಸನ್ನ ಬೆಳಗ್ಗೆ ಎಂಟೂವರೆಗೆ ಹಾಕಿದ್ವಿ. ಟೀಚರ್‌ಗಳಿಗೆ ಅರ್ಧ ಗಂಟೆ ಬೇಗ ಬರೋ ಕಷ್ಟ, ನಿಜ, ಆದ್ರೆ ಬೆಳಗ್ಗೆ ಏಳೂವರೆ ಬಸ್ಸಿಗೆ ಆ ಕಡೆ ಊರುಗಳಿಂದ ಬರೋ ಇನ್ನೂ 11 ಮಕ್ಕಳಿದ್ರು ಅಂತ ಆಮೇಲೆ ಗೊತ್ತಾಯ್ತು. ಅವರು ಯಾರೂ ಬಾಯಿ ಬಿಟ್ಟಿರ್ಲಿಲ್ಲ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾವು ಮಾಡೋದು ಕಮ್ಮಿ ಏನಿಲ್ಲ. ಒಬ್ಬೊಬ್ಬ ಟೀಚರ್ ಐದಾರು ಮಕ್ಕಳನ್ನ ದತ್ತು ತಗೋತೀವಿ, ಪಾಸಾಗೋಕೆ ಬೇಕಾದಷ್ಟನ್ನ ಆರಿಸಿ ಪಾಸಿಂಗ್ ಪ್ಯಾಕೇಜ್ ಮಾಡ್ತೀವಿ, ಬೆಳಗಿನ ಜಾವ ಐದು ಗಂಟೆಗೆ ಮನೆಗೆ ಫೋನ್ ಮಾಡಿ ಎಬ್ಬಿಸ್ತೀವಿ, ಮನೆ ಭೇಟಿ ಮಾಡ್ತೀವಿ. ಇದನ್ನೆಲ್ಲ ಪ್ರೀತಿಯಿಂದ ಮಾಡೋ ಟೀಚರ್‌ಗಳನ್ನ ನಾನು ದಿನಾ ನೋಡ್ತೀನಿ. ಆದ್ರೆ ಐದು ಗಂಟೆಗೆ ಫೋನ್ ಮಾಡಿ ಎದ್ದಿದೀಯಾ ಅಂತ ಕೇಳಿ ಇಟ್ಟುಬಿಟ್ರೆ ಗೊತ್ತಾಗೋದು ಎದ್ದಿದಾನೆ ಅನ್ನೋದು ಒಂದೇ. ಅದೇ ಫೋನಲ್ಲಿ, ಎಲ್ಲಿ ಕೂತು ಓದ್ತೀಯಪ್ಪ, ಮನೇಲಿ ಮೊದಲು ಏಳೋದು ಯಾರು, ನೀನು ಎದ್ದ ತಕ್ಷಣ ಮಾಡೋ ಕೆಲಸ ಏನು, ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿ ನೋಡಿ. ಒಬ್ಬ ಹುಡುಗ ಹೇಳಿದ, ಎದ್ದ ತಕ್ಷಣ ಹಾಲು ಕರೆದು ಡೈರಿಗೆ ಹಾಕ್ಬೇಕು ಮಿಸ್, ಬಂದು ಓದೋಣ ಅನ್ನೋಷ್ಟರಲ್ಲಿ ಏಳು ಆಗುತ್ತೆ ಅಂತ. ಅವನನ್ನ ಐದಕ್ಕೆ ಎಬ್ಬಿಸಿ ನಾನು ಹಸುಗೆ ಉಪಕಾರ ಮಾಡ್ತಿದ್ದೆ, ಅವನಿಗಲ್ಲ. ಅವನಿಗೆ ರಾತ್ರಿ ಎಂಟರಿಂದ ಹತ್ತು ಸರಿಹೋಯ್ತು, ಅದಕ್ಕೆ ತಕ್ಕ ಹಾಗೆ ಟೈಂಟೇಬಲ್ ಬರೆದು ಕೊಟ್ವಿ.

ಮಕ್ಕಳಿಗೆ ಏನು ಪ್ರಾಬ್ಲಮ್ ಅಂತ ಕೇಳಿದ್ರೆ ಏನಿಲ್ಲ ಮಿಸ್ ಅಂತಾರೆ. ಅದು ದೊಡ್ಡ ಪ್ರಶ್ನೆ, ಅದಕ್ಕೆ ಉತ್ತರ ಹೇಳೋಕೆ ಧೈರ್ಯ ಬೇಕು. ಚಿಕ್ಕ ಪ್ರಶ್ನೆಗೆ ಧೈರ್ಯ ಬೇಡ. ಎಷ್ಟೊತ್ತಿಗೆ ಊಟ, ಎಲ್ಲಿ ಮಲಗ್ತೀಯ, ಬ್ಯಾಗ್ ಎಲ್ಲಿ ಇಡ್ತೀಯ. ಮನೆ ಭೇಟಿಗೆ ಹೋದಾಗ ನಾನು ನೋಡೋದು ಬ್ಯಾಗ್ ಇಡೋ ಜಾಗ. ಅದಕ್ಕೊಂದು ಮೊಳೆ ಇದ್ಯಾ, ಇಲ್ಲಾ ಸೌದೆ ಮೇಲೆ ಬಿದ್ದಿರುತ್ತಾ, ಅದ್ರಲ್ಲೇ ಅರ್ಧ ತಿಳಿಯುತ್ತೆ.

ಇನ್ನೊಂದು, ಸರಿಯಾದ ಮಾಹಿತಿ ಸಿಗೋದೇ ಎಷ್ಟೋ ಸಲ ದೊಡ್ಡ ಬೆಂಬಲ ಆಗಿರುತ್ತೆ. 2023-24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಇದೆ, ಪರೀಕ್ಷೆ-1, ಪರೀಕ್ಷೆ-2 ಅಂತ. ಒಂದರಲ್ಲಿ ಹೋದ್ರೆ ಇನ್ನೊಂದು ಬರೀಬಹುದು, ಪಾಸಾದವರೂ ಅಂಕ ಜಾಸ್ತಿ ಮಾಡ್ಕೊಳ್ಳೋಕೆ ಬರೀಬಹುದು, ಯಾವುದ್ರಲ್ಲಿ ಜಾಸ್ತಿ ಬಂದಿದ್ಯೋ ಅದು ಉಳಿಯುತ್ತೆ. ನಮಗೆ ಇದು ಹಳೇ ವಿಷಯ ಆಗಿದೆ, ಆದ್ರೆ ನಮ್ ಸ್ಕೂಲಿನ ಒಬ್ಬ ಹುಡುಗ ಗಣಿತದಲ್ಲಿ ಹೋದಾಗ ರಿಸಲ್ಟ್ ಬಂದ ಮೂರನೇ ದಿನಕ್ಕೇ ಅವರ ಮಾವ ಬೆಂಗಳೂರಿನ ಬೇಕರಿ ಕೆಲಸಕ್ಕೆ ಕರ್ಕೊಂಡು ಹೋಗಿದ್ರು. ಫೋನ್ ಮಾಡಿದ್ರೆ ಅವರಮ್ಮ, ಮತ್ತೆ ಒಂದು ವರ್ಷ ಯಾರು ಕಾಯ್ತಾರೆ ಮೇಡಂ ಅಂದ್ರು. ಒಂದು ವರ್ಷ ಅಲ್ಲಮ್ಮ, ಒಂದೂವರೆ ತಿಂಗಳೂ ಇಲ್ಲ ಅಂತ ಹೇಳಿದ್ಮೇಲೆ ವಾಪಸ್ ಕರೆಸಿದ್ರು, ಪರೀಕ್ಷೆ-2ರಲ್ಲಿ ಪಾಸಾದ. ಆ ಮನೇಗೆ ಬೇಕಾಗಿದ್ದಿದ್ದು ಧೈರ್ಯ ತುಂಬೋ ಭಾಷಣ ಅಲ್ಲ, ಒಂದು ತಾರೀಖು. ಅದಕ್ಕೆ ಈಗ ನಾವು ಜನವರಿ ಪೋಷಕರ ಸಭೇಲೇ ಈ ಪರೀಕ್ಷೆಗಳ ವಿಷಯ ಬಿಡಿಸಿ ಹೇಳ್ತೀವಿ, ರಿಸಲ್ಟ್ ದಿನ ಹೇಳೋಕೆ ಹೋದ್ರೆ ಯಾರ ಕಿವಿಗೂ ಬೀಳಲ್ಲ.

ಸ್ಕಾಲರ್‌ಶಿಪ್ಪೂ ಅಷ್ಟೇ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಅಪ್ಪ ಅಮ್ಮಂದಿರು ದಯವಿಟ್ಟು ಗಮನ ಇಟ್ಟು ಕೇಳಿ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಗೆ ಅರ್ಜಿ ಹಾಕಿದೀವಿ ದುಡ್ಡು ಬಂದಿಲ್ಲ ಅಂತ ಎಷ್ಟೋ ಜನ ಹೇಳ್ತೀರ. ಹೆಚ್ಚಿನ ಸಲ ಅರ್ಜಿ ತಪ್ಪಿರಲ್ಲ, ಹೆಸರು ತಪ್ಪಿರುತ್ತೆ. ಶಾಲೆಯ ಸ್ಯಾಟ್ಸ್ ಅನ್ನೋ ಕಂಪ್ಯೂಟರ್ ದಾಖಲೇಲಿ ಒಂದು ಥರ, ಆಧಾರಲ್ಲಿ ಇನ್ನೊಂದು ಥರ, ನಾಡಕಚೇರಿ ಜಾತಿ ಆದಾಯ ಪ್ರಮಾಣ ಪತ್ರದಲ್ಲಿ ಮತ್ತೊಂದು ಥರ. ಇನಿಷಿಯಲ್ ಒಂದು ಕಡೆ ಮುಂದೆ ಇರುತ್ತೆ, ಒಂದು ಕಡೆ ಹಿಂದೆ, ಒಂದು ಕಡೆ ಇರೋದೇ ಇಲ್ಲ. ನಮಗೆ ನೋಡಿದ್ರೆ ಒಬ್ಬಳೇ ಹುಡುಗಿ, ಕಂಪ್ಯೂಟರ್‌ಗೆ ಮೂರು ಜನ. ಆಮೇಲೆ ದುಡ್ಡು ಹೋಗೋದು ಆಧಾರ್ ಜೋಡಣೆ ಆಗಿರೋ ಖಾತೆಗೆ. ಎರಡು ಮೂರು ಖಾತೆ ಇದ್ರೆ ಕೊನೇಲಿ ಯಾವುದಕ್ಕೆ ಜೋಡಣೆ ಆಗಿದ್ಯೋ ಅದಕ್ಕೆ ಹೋಗುತ್ತೆ. ಸಿಮ್ ತಗೊಳ್ಳೋವಾಗ ಹೆಬ್ಬೆಟ್ಟು ಒತ್ತಿದ್ದಕ್ಕೆ ಒಂದು ಪೇಮೆಂಟ್ ಬ್ಯಾಂಕ್ ಖಾತೆ ತೆರೆದಿರುತ್ತೆ, ದುಡ್ಡು ಅಲ್ಲಿ ಹೋಗಿ ಕೂತಿರುತ್ತೆ, ಮನೆಯವರು ಪಾಸ್‌ಬುಕ್ ಎಂಟ್ರಿ ಹಾಕಿಸ್ತಾನೇ ಇರ್ತಾರೆ. ಒಂದು ಹುಡುಗಿಯ ಎರಡು ವರ್ಷದ ದುಡ್ಡು ಹಿಂಗೇ ಸಿಕ್ಕಿದ್ದು, ಹುಡುಕಿದ್ದು ಅವಳೇ. ಹೆಂಗೆ ಹುಡುಕಿದ್ಲು ಅಂದ್ರೆ, ಬ್ಯಾಂಕಿಗೆ ಹೋಗಿ ನನ್ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಹೇಳಿ ಸಾರ್ ಅಂತ ಕೇಳಿದ್ಲು. ಆ ಪ್ರಶ್ನೆ ಅವಳಿಗೆ ಗೊತ್ತಿದ್ದಕ್ಕೆ ಉತ್ತರ ಸಿಕ್ತು, ಮೊದಲು ಮೂರು ಸಲ ಅವಳಪ್ಪ ಹೋಗಿ ದುಡ್ಡು ಬಂದಿದ್ಯಾ ಅಂತ ಕೇಳಿ ಬರೀ ಕೈಯಲ್ಲಿ ಬಂದಿದ್ರು.

ಎಂಟನೇ ಕ್ಲಾಸ್ ಮಕ್ಕಳ ಅಪ್ಪ ಅಮ್ಮ ಇದ್ರೆ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಬಿಡ್ಬೇಡಿ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ, ಮನೆ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು, ಆಯ್ಕೆ ಆದ್ರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. 90 ಪ್ರಶ್ನೆ ಬುದ್ಧಿಶಕ್ತಿದು, 90 ಪ್ರಶ್ನೆ ಪಾಠದ್ದು. ಆ ಬುದ್ಧಿಶಕ್ತಿ ಪ್ರಶ್ನೆಗಳನ್ನ ನಮ್ ಮಕ್ಕಳು ಎಲ್ಲೂ ನೋಡಿರಲ್ಲ, ಅದಕ್ಕೇ ಹೋಗೋದು, ಬುದ್ಧಿ ಇಲ್ಲದೇ ಅಲ್ಲ. ಜುಲೈಯಿಂದ ವಾರಕ್ಕೆ ಒಂದು ಪಿರಿಯಡ್ ಕೊಟ್ರೂ ಸಾಕು, ಕೂಡ್ಸಿಟ್ಟು ಅಭ್ಯಾಸ ಮಾಡಿಸಿ ನೋಡಿ.

ಈಗ ವ್ಯಕ್ತಿತ್ವ ವಿಕಸನಕ್ಕೆ ಬರ್ತೀನಿ. ನಮ್ಮಲ್ಲಿ ಇದು ಅಂದ್ರೆ ಹೊರಗಿಂದ ಒಬ್ರು ಬಂದು ಮೈಕ್ ಹಿಡಿದು ಎರಡು ಗಂಟೆ ಮಾತಾಡೋದು, ಕೊನೆಗೆ ಕಣ್ಮುಚ್ಚಿಸಿ ನಿಮ್ಮಪ್ಪ ಅಮ್ಮ ಪಟ್ಟ ಕಷ್ಟ ನೆನೆಸ್ಕೊಳ್ಳಿ ಅಂತ ಮಕ್ಕಳನ್ನ ಅಳಿಸೋದು. ಬರೋರ ಮೇಲೆ ನಂಗೆ ಕೋಪ ಇಲ್ಲ, ಒಳ್ಳೇ ಮನಸ್ಸಿಂದಾನೇ ಬರ್ತಾರೆ. ಆದ್ರೆ ಮಗು ಅತ್ತಿದ್ದು ಮಾರನೇ ದಿನ ಎಲ್ಲಿ ಹೋಯ್ತು? ಅಪ್ಪ ಕುಡಿದು ಬರೋ ಮನೆ ಮಗುಗೆ ಆ ಎರಡು ನಿಮಿಷ ಕಣ್ಮುಚ್ಚೋದು ಎಷ್ಟು ಭಾರ ಅಂತ ಯೋಚನೆ ಮಾಡಿದೀವಾ? ಹಂಗೆ ಅಳಿಸಿದ್ಮೇಲೆ ಆ ಮಗು ಜೊತೆ ಕೂತು ಮಾತಾಡೋಕೆ ಯಾರೂ ಇಲ್ಲ ಅಂದ್ರೆ ಅಳಿಸಲೇಬಾರದು ಅಂತ ನನ್ನ ಅಭಿಪ್ರಾಯ.

ನಾವು ನಾಲ್ಕು ವರ್ಷದಿಂದ ಒಂದು ಚಿಕ್ಕ ಕೆಲಸ ಮಾಡ್ತಿದೀವಿ. ಪ್ರತಿ ಶುಕ್ರವಾರ ಕೊನೇ ಪಿರಿಯಡ್‌ನ ಕೊನೇ ಹತ್ತು ನಿಮಿಷ ಎಲ್ರಿಗೂ ಒಂದೊಂದು ಚೀಟಿ, ಹೆಸರು ಬರೀಬಾರದು, ಒಂದು ಡೌಟು ಬರೀಬೇಕು. ಪಾಠದ್ದೇ ಆಗ್ಬೇಕು ಅಂತಿಲ್ಲ. ಡೌಟು ಇಲ್ಲದವರು ಖಾಲಿ ಚೀಟಿನೇ ಮಡಚಿ ಹಾಕ್ಬೇಕು, ಎಲ್ಲರೂ ಹಾಕೋದ್ರಿಂದ ಯಾರು ಬರೆದ್ರು ಅಂತ ಗೊತ್ತಾಗಲ್ಲ. ಮೊದಲ ತಿಂಗಳು ಬರೀ ಖಾಲಿ ಚೀಟಿ, ಆಮೇಲೆ ಬರೋಕೆ ಶುರುವಾಯ್ತು. ಕೆಲವು ಓದ್ತೀನಿ. ಡಿಪ್ಲೊಮಾ ಅಂದ್ರೆ ಡಿಗ್ರಿನಾ? ಕಾಮರ್ಸ್ ತಗೊಂಡ್ರೆ ನರ್ಸ್ ಆಗ್ಬಹುದಾ? ಮುಟ್ಟಾದಾಗ ಪಿಟಿ ಪಿರಿಯಡ್‌ಗೆ ಬರಲ್ಲ ಅಂತ ಸಾರ್‌ಗೆ ಹೆಂಗೆ ಹೇಳೋದು? ನಂಗೆ ಬೋರ್ಡ್ ಮೇಲಿನ ಅಕ್ಷರ ಎರಡೆರಡು ಕಾಣುತ್ತೆ, ಎಲ್ರಿಗೂ ಹಂಗೇನಾ? ಅಪ್ಪ ಕುಡಿಯೋದು ಬಿಡಿಸೋಕೆ ಮಾತ್ರೆ ಇದ್ಯಾ?

ಎಲ್ರಿಗೂ ಹಂಗೇನಾ ಅಂತ ಕೇಳಿದ್ದ ಆ ಚೀಟಿನ ನಾನು ಸುಮಾರು ಹೊತ್ತು ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ಹದಿನಾಲ್ಕು ವರ್ಷದ ಮಗು, ಜಗತ್ತು ಎಲ್ರಿಗೂ ಎರಡೆರಡಾಗೇ ಕಾಣುತ್ತೇನೋ ಅಂದ್ಕೊಂಡಿದೆ. ಯಾರು ಅಂತ ಕೇಳೋ ಹಾಗಿಲ್ಲ, ಅದು ನಿಯಮ, ನಿಯಮ ಒಂದ್ಸಲ ಮುರಿದ್ರೆ ಮತ್ತೆ ಯಾರೂ ಬರೆಯಲ್ಲ. ಅದಕ್ಕೆ ಇಡೀ ಕ್ಲಾಸಿಗೇ ಹಿಂದಿನ ಬೆಂಚಿಂದ ಬೋರ್ಡ್ ಓದಿಸಿದ್ವಿ, ಒಬ್ಬರಲ್ಲ, ಐದು ಜನಕ್ಕೆ ಕಣ್ಣಿನ ತೊಂದರೆ ಇತ್ತು. ಆರೋಗ್ಯ ಇಲಾಖೆಯ ಬಾಲ ಸ್ವಾಸ್ಥ್ಯ ತಂಡ ಬಂದಾಗ ಅವರ ಹೆಸರು ಮೊದಲೇ ಬರೆದಿಟ್ಟು ತೋರಿಸಿದ್ವಿ, ಕನ್ನಡಕ ಬಂತು. ಆ ಐದರಲ್ಲಿ ಇಬ್ಬರು ನಮ್ ಲಿಸ್ಟಲ್ಲಿ ನಿಧಾನ ಕಲಿಕೆಯವರು ಅಂತ ಇದ್ರು.

ನರ್ಸ್ ಪ್ರಶ್ನೆಗೆ ನಾನೂ ಹುಡುಕಿ ತಿಳ್ಕೊಂಡು ಹೇಳ್ಬೇಕಾಯ್ತು. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ರೂ ಅರ್ಜಿ ಹಾಕ್ಬಹುದು, ಬಿಎಸ್ಸಿ ನರ್ಸಿಂಗ್‌ಗೆ ಮಾತ್ರ ಸೈನ್ಸ್ ಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಮುಗಿಸಿದ್ರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರ್ಬಹುದು, ಐಟಿಐ ಬೇರೆ, ಟೂಲ್ ರೂಮ್ ತರಬೇತಿ ಕೊಡೋ ಜಿಟಿಟಿಸಿ ಬೇರೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಏನು ಅನ್ನೋದನ್ನ ನಾವು ಮೇ ತಿಂಗಳಲ್ಲಿ ಹೇಳೋಕೆ ಹೊರಡ್ತೀವಿ, ಅಷ್ಟೊತ್ತಿಗೆ ಮಾವನೋ ಪಕ್ಕದ ಮನೆಯವರೋ ತೀರ್ಮಾನ ಮಾಡಿ ಆಗಿರುತ್ತೆ.

ಚೀಟಿಯಲ್ಲಿ ಬರೆದ ಮಗು ನಿಧಾನಕ್ಕೆ ಕೈಯೆತ್ತಿ ಮಿಸ್ ಒಂದ್ ಡೌಟು ಅನ್ನೋಕೆ ಶುರು ಮಾಡುತ್ತೆ. ಅಲ್ಲಿ ನಾವು ಒಂದು ನಿಯಮ ಇಟ್ಕೊಂಡಿದೀವಿ, ಯಾರ ಪ್ರಶ್ನೆಗೂ ನಗಬಾರದು, ಟೀಚರೂ ನಗಬಾರದು, ಇಷ್ಟೂ ಗೊತ್ತಿಲ್ವಾ ಅನ್ನೋ ಮಾತು ಕ್ಲಾಸಲ್ಲಿ ಬರಬಾರದು. ಅಲ್ಲಿಂದ ಮುಂದೆ ಮಕ್ಕಳ ಗ್ರಾಮಸಭೆ. ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಾಡ್ತಾರೆ, ಬಹಳ ಕಡೆ ಮಕ್ಕಳ ಕೈಗೆ ಟೀಚರ್ ಬರೆದ ಪ್ರಶ್ನೆ ಕೊಟ್ಟು ಓದಿಸ್ತೀವಿ, ಹಂಗೆ ಮಾಡ್ಬೇಡಿ ದಯವಿಟ್ಟು. ಹೋದ ವರ್ಷ ನಮ್ ಮಕ್ಕಳು ತಾವೇ ಕೂತು ಆ ಗೇಟ್ ರಸ್ತೇಲಿ ನಡೆದು ಎಷ್ಟು ಕಂಬ ಇದೆ, ಎಷ್ಟಕ್ಕೆ ಬಲ್ಬ್ ಇಲ್ಲ ಅಂತ ಎಣಿಸಿ ಬರ್ಕೊಂಡು ಹೋಗಿದ್ರು. ಲೈಟ್ ಹಾಕ್ಸಿ ಅಂತ ಕೇಳಿದ್ರೆ ನೋಡೋಣ ಅಂತಾರೆ, ಇಷ್ಟು ದೂರದಲ್ಲಿ ಇಷ್ಟು ಕಂಬ ಬೇಕು ಅಂತ ಲೆಕ್ಕ ಕೊಟ್ಟಿದ್ದಕ್ಕೆ ಪಂಚಾಯಿತಿ ಅಧಿಕಾರಿ ಪಿಡಿಓ ಅವರು ಆ ಹಾಳೆನೇ ಇಸ್ಕೊಂಡ್ರು. ಕೆಲಸ ಪೂರ್ತಿ ಆಗಿಲ್ಲ, ನಾಲ್ಕು ಕಂಬಕ್ಕೆ ಲೈಟ್ ಬಂದಿದೆ, ಈ ವರ್ಷ ಉಳಿದಿದ್ದಕ್ಕೆ ಮತ್ತೆ ಕೇಳ್ತಾರೆ.

ಸಹಾಯವಾಣಿ ನಂಬರ್‌ಗಳ ಬಗ್ಗೆ ಒಂದು ಮಾತು. 1098 ಮಕ್ಕಳದ್ದು. 14416 ಟೆಲಿ ಮಾನಸ್, ಮನಸ್ಸಿನ ತೊಂದರೆಗೆ, 2022ರ ಅಕ್ಟೋಬರಲ್ಲಿ ಶುರುವಾಯ್ತು, ನಮ್ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಗೋಡೆ ಮೇಲೆ ಬರೆಸಿದೀವಿ ಎಲ್ಲ ಶಾಲೇಲೂ. ಆದ್ರೆ ಮಕ್ಕಳಿಗೆ ಇರೋ ಡೌಟು ನಂಬರ್ ಯಾವುದು ಅಂತಲ್ಲ. ಫೋನ್ ಮಾಡಿದ್ರೆ ಮೊದಲು ಏನು ಕೇಳ್ತಾರೆ, ನನ್ ಹೆಸರು ಬೇರೆಯವರಿಗೆ ಹೇಳ್ತಾರಾ, ಪೊಲೀಸ್ ಜೀಪ್ ಮನೆ ಮುಂದೆ ಬಂದು ನಿಲ್ಲುತ್ತಾ, ಇವು ಅವರ ಡೌಟು. ಅದಕ್ಕೆ ಕ್ಲಾಸಲ್ಲೇ ಅಭ್ಯಾಸ ಮಾಡಿಸ್ತೀವಿ, ಒಬ್ರು ಫೋನ್ ಮಾಡೋರು, ಒಬ್ರು ಎತ್ತೋರು. ಊರು, ತಾಲ್ಲೂಕು, ಏನಾಗ್ತಿದೆ, ಯಾವಾಗ, ಇಷ್ಟನ್ನ ನಡುಗದೆ ಹೇಳೋಕೆ ಬರಬೇಕು. ಇದರಿಂದ ಒಂದು ಮದುವೆ ನಿಂತಿದೆ. ಯಾರದು ಎಲ್ಲಿ ಅಂತ ಹೇಳಲ್ಲ. ಆ ಹುಡುಗಿ ಫೋನ್ ಮಾಡಿದ್ದು ಗೆಳತಿಗೋಸ್ಕರ. ಕರ್ನಾಟಕದಲ್ಲಿ 2016ರ ತಿದ್ದುಪಡಿ ಆದ್ಮೇಲೆ ಬಾಲ್ಯವಿವಾಹ ಮಾಡಿದ್ರೂ ಅದು ಮೊದಲಿಂದಲೇ ಅಸಿಂಧು, ಇದನ್ನೂ ಅವಳು ಕ್ಲಾಸಲ್ಲೇ ಕೇಳಿಸ್ಕೊಂಡಿದ್ಲು.

ಇನ್ನು ಮೂರನೇ ಫೈಲು, ಮಾಹಿತಿ. ಇದರ ಬೀಗ ನಮ್ ಬೀರುಗೇ ಇದೆ. ನಾನು ಈ ಶಾಲೆಗೆ ಬಂದಾಗ ಲೈಬ್ರರಿ ಅಂದ್ರೆ ಎಚ್‌ಎಂ ರೂಮಲ್ಲಿದ್ದ ಎರಡು ಕಬ್ಬಿಣದ ಬೀರು. ತೆಗೆದ್ರೆ ನುಸಿಗುಳಿಗೆ ವಾಸನೆ, ಒಳಗಿನ ಪುಸ್ತಕದ ಹಾಳೆಗಳು ಇನ್ನೂ ಅಂಟ್ಕೊಂಡೇ ಇದ್ವು, ಯಾರೂ ಬಿಡಿಸಿರ್ಲಿಲ್ಲ. ಯಾಕೆ ಕೊಡಲ್ಲ ಅಂದ್ರೆ ಒಂದು ಪುಸ್ತಕ ಕಳೆದ್ರೂ ಚಾರ್ಜ್ ಇಟ್ಕೊಂಡಿರೋ ಟೀಚರ್ ಕೈಯಿಂದ ಕಟ್ಟಬೇಕಾಗುತ್ತೆ ಅನ್ನೋ ಭಯ. ಆ ಭಯ ಸುಳ್ಳಲ್ಲ, ಚಾರ್ಜ್ ಹಸ್ತಾಂತರ ಮಾಡುವಾಗ ಒಂದೊಂದು ಪುಸ್ತಕ ಎಣಿಸಿದ ದಿನ ನಂಗೂ ಗೊತ್ತು. ಎಸ್‌ಡಿಎಂಸಿ ಸಭೇಲಿ ಇಂತಿಷ್ಟು ಪುಸ್ತಕದವರೆಗೆ ಕಳೆದು ಹೋದ್ರೆ ಹರಿದು ಹೋದ್ರೆ ಟೀಚರ್ ಜವಾಬ್ದಾರಿ ಅಲ್ಲ ಅಂತ ನಡಾವಳಿ ಬರೆಸ್ಕೊಂಡ ಮೇಲೆ ನಮ್ ಬೀರು ತೆರೀತು. ಸದಸ್ಯರು ಇಲ್ಲಿದೀರ, ನಿಮ್ ಶಾಲೇಲೂ ಇದೊಂದು ಮಾಡಿಕೊಡಿ.

ಭಾರತದ ಲೈಬ್ರರಿಗಳಿಗೆ ದಾರಿ ತೋರಿಸಿದ ಎಸ್. ಆರ್. ರಂಗನಾಥನ್ ಅವರು ಕೊನೇ ಹದಿನೈದು ವರ್ಷ ಇದ್ದಿದ್ದು ಬೆಂಗಳೂರಲ್ಲೇ, 1962ರಲ್ಲಿ ಅಲ್ಲಿ ಲೈಬ್ರರಿ ಶಾಸ್ತ್ರದ ಒಂದು ತರಬೇತಿ ಕೇಂದ್ರಾನೂ ಕಟ್ಟಿದ್ರು, 1972ರಲ್ಲಿ ಅಲ್ಲೇ ತೀರ್ಕೊಂಡ್ರು. ಅವರು 1931ರಲ್ಲೇ ಐದು ಸೂತ್ರ ಹೇಳಿದ್ರು, ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ. ಇಷ್ಟು ಸರಳ ಮಾತನ್ನ ಯಾಕೆ ಸೂತ್ರ ಅಂತ ಹೇಳ್ಬೇಕಾಯ್ತು ಅನ್ನೋದು ಬೀಗ ಹಾಕಿದ ಬೀರು ಮುಂದೆ ನಿಂತಾಗ ನಂಗೆ ಅರ್ಥ ಆಯ್ತು.

ಶಾಲೇಲಿ ಪುಸ್ತಕ ಕಮ್ಮಿ ಇದ್ರೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿದಾರೆ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಕೆಲವು ಕಡೆ ಕಂಪ್ಯೂಟರ್ ಕೂಡ ಇದೆ. ನಿಮ್ ಮಕ್ಕಳ ಹತ್ರ ಕಾರ್ಡ್ ಇದ್ಯಾ ಅಂತ ಇವತ್ತು ಮನೆಗೆ ಹೋಗಿ ಕೇಳಿ.

ಮಾಹಿತಿ ಹುಡುಕೋದನ್ನ ನಾನು ಪಾಠದ ಥರ ಮಾಡಲ್ಲ. ಒಂದು ಪ್ರಶ್ನೆ ಕೊಡ್ತೀನಿ, ನಮ್ ಕೆರೆ ಯಾವಾಗ ಕಟ್ಟಿದ್ದು, ಮೂರು ಕಡೆಯಿಂದ ಉತ್ತರ ತನ್ನಿ. ಮೊಬೈಲಲ್ಲಿ ಹುಡುಕಿದ ಗುಂಪು ಎರಡು ನಿಮಿಷಕ್ಕೆ ವಾಪಸ್, ಪಾಳೇಗಾರರ ಕಾಲದ್ದು ಮಿಸ್ ಅಂತ. ಅಜ್ಜಿಯರನ್ನ ಕೇಳಿದ ಗುಂಪು, ಒಬ್ಬ ಸೂಳೆ ತನ್ನ ಒಡವೆ ಮಾರಿ ಕಟ್ಟಿಸಿದ್ದಂತೆ ಅಂತ. ಮೂರನೇ ಗುಂಪನ್ನ ತೂಬಿನ ಹತ್ರ ಇರೋ ಕಲ್ಲಿನ ಫೋಟೋ ತೆಗೆಸಿ, ಬ್ರಿಟಿಷರ ಕಾಲದ ಅಧಿಕಾರಿ ಬಿ. ಎಲ್. ರೈಸ್ ಅವರು ನೂರು ವರ್ಷದ ಹಿಂದೆ ಜಿಲ್ಲೆವಾರು ಮಾಡಿಸಿದ ಶಾಸನ ಸಂಪುಟ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಲ್ಲ, ಅದನ್ನ ತೆಗೆದು ಕೂರಿಸಿದೆ. ಮೂರು ದಿನ ಹುಡುಕಿದ್ರು, ನಮ್ಮೂರ ಹೆಸರು ಸಿಕ್ತು, ಕೆರೆ ಹೆಸರು ಹೊಂದಲಿಲ್ಲ. ಕೊನೆಗೆ ಅವರು ಬೋರ್ಡ್ ಮೇಲೆ ಬರೆದಿದ್ದು, ಮೂರು ಕಡೆ ಮೂರು ಥರ ಇದೆ, ಮೊಬೈಲಿನ ಉತ್ತರಕ್ಕೆ ಆಧಾರ ಕೊಟ್ಟಿಲ್ಲ, ಅಜ್ಜಿ ಕಥೆ ನಾಲ್ಕು ಮನೇಲಿ ಒಂದೇ ಥರ ಇದೆ, ಕಲ್ಲು ಓದೋಕೆ ಬಲ್ಲವರು ಬೇಕು. ಹದಿನಾಲ್ಕು ವರ್ಷಕ್ಕೆ ಇದಕ್ಕಿಂತ ಒಳ್ಳೇ ಉತ್ತರ ನಂಗೆ ಬೇಕಾಗಿಲ್ಲ. ಪೂರ್ತಿ ಅಂಕ ಕೊಟ್ಟೆ.

ಈಗ ಎಐ ಬಂದಿದೆ, ಮಕ್ಕಳು ಪ್ರಾಜೆಕ್ಟನ್ನ ಚಾಟ್‌ಜಿಪಿಟಿಲಿ ಬರೆಸ್ಕೊಂಡು ಬರ್ತಾರೆ. ನಾನು ಬೇಡ ಅನ್ನಲ್ಲ, ತಂದ ಹಾಳೇಲಿ ಐದು ಇಸವಿ ಗುರುತು ಹಾಕಿ, ಪಠ್ಯಪುಸ್ತಕದ ಜೊತೆ ತಾಳೆ ನೋಡಿ ಅಂತೀನಿ. ಒಬ್ಬ ತಂದ ಹಾಳೇಲಿ ಕಿತ್ತೂರಿನ ಯುದ್ಧ 1842 ಅಂತ ಇತ್ತು, 1824 ಆಗ್ಬೇಕು. ಅವನೇ ಹಿಡಿದ. ಅವತ್ತಿಂದ ಅವನು ತನ್ನ ಹಾಳೆ ಮಾತ್ರ ಅಲ್ಲ, ಎಲ್ಲರ ಹಾಳೇನೂ ಚೆಕ್ ಮಾಡ್ತಾನೆ.

ಇದು ಬರೀ ಅಂಕದ ವಿಷಯ ಅಲ್ಲ. 2018ರಲ್ಲಿ ಏನಾಯ್ತು ನೆನಪಿದ್ಯಾ? ಮಕ್ಕಳ ಕಳ್ಳರು ಬಂದಿದಾರೆ ಅಂತ ವಾಟ್ಸಾಪಲ್ಲಿ ಒಂದು ವಿಡಿಯೋ ಓಡಾಡ್ತು, ಬೈಕಲ್ಲಿ ಬಂದೋರು ಬೀದೀಲಿ ಆಡೋ ಮಗುನ ಎತ್ಕೊಂಡು ಹೋಗೋದು. ಅದು ಪಾಕಿಸ್ತಾನದ ಕರಾಚೀಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿಗೆ ಅಂತ ಮಾಡಿದ್ದ ಜಾಹೀರಾತು, ಕೊನೇಲಿ ಅವರೇ ಮಗುನ ವಾಪಸ್ ತಂದು ಬಿಟ್ಟು ಬೋರ್ಡ್ ತೋರಿಸ್ತಾರೆ. ಆ ಕೊನೇ ತುಂಡನ್ನ ಯಾರೋ ಕತ್ತರಿಸಿ ಕಳಿಸಿದ್ರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೇಲಿ ಒಬ್ಬರನ್ನ ಜನ ಹೊಡೆದು ಸಾಯಿಸಿದ್ರು, ಜುಲೈಲಿ ಬೀದರ್ ಜಿಲ್ಲೆಯ ಮುರ್ಕಿ ಹತ್ರ ಹೈದರಾಬಾದಿನ ಒಬ್ಬ ಇಂಜಿನಿಯರನ್ನ. ಅವರ ಗುಂಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ ಆಯ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡೋದನ್ನ ಒಂದು ಸಲಕ್ಕೆ ಐದು ಚಾಟ್‌ಗೆ ಇಳಿಸ್ತು.

ನಾನು ಇದನ್ನ ಒಂಬತ್ತನೇ ಕ್ಲಾಸಲ್ಲಿ ಹೇಳ್ತೀನಿ. ಹೇಳಿದ್ಮೇಲೆ ಕ್ಲಾಸು ಬಹಳ ಹೊತ್ತು ಸುಮ್ನಿರುತ್ತೆ. ಆಮೇಲೆ ಮೂರು ಪ್ರಶ್ನೆ ಬರ್ಕೊಳ್ಳೋಕೆ ಹೇಳ್ತೀನಿ, ಇದನ್ನ ಮೊದಲು ಕಳಿಸಿದ್ದು ಯಾರು, ಯಾವತ್ತಿಂದು, ಇದರ ಮೊದಲು ಮತ್ತೆ ಕೊನೆ ಎಲ್ಲಿ? ಒಂದು ಹುಡುಗಿ ಮನೇಲಿ ಅವರ ದೊಡ್ಡಪ್ಪ ಎಲ್ಲರಿಗೂ ಉಚಿತ ಲ್ಯಾಪ್‌ಟಾಪ್ ಅನ್ನೋ ಲಿಂಕ್ ಒತ್ತೋಕೆ ಹೊರಟಾಗ, ದೊಡ್ಡಪ್ಪ ಕೊನೇಲಿ ಗವ್ ಡಾಟ್ ಇನ್ ಅಂತ ಇದ್ಯಾ ನೋಡಿ ಅಂದ್ಲಂತೆ. ಇರ್ಲಿಲ್ಲ. ಒತ್ತಲಿಲ್ಲ. ದುಡ್ಡು ಹೋಗಿಬಿಟ್ಟಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡ್ಬೇಕು ಅನ್ನೋದೂ ನಮ್ ಮಕ್ಕಳಿಗೆ ಬಾಯಿಪಾಠ ಆಗಿದೆ.

ಇಲ್ಲಿಗೆ ನನ್ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಏಳ್ಲಿಲ್ಲ. ಆಮೇಲೆ ಹಿಂದಿನ ಸಾಲಲ್ಲಿ ಟವೆಲ್ ಹೆಗಲ ಮೇಲೆ ಹಾಕ್ಕೊಂಡಿದ್ದ ಒಬ್ರು ಎದ್ದು, ಮೇಡಂ, ನಮ್ ಹುಡುಗಿ ಒಂಬತ್ನೇ ಕ್ಲಾಸು, ಆಧಾರಲ್ಲಿ ಹೆಸರು ತಪ್ಪಿದೆ, ಈಗ ಬೆರಳು ಕೊಟ್ರೂ ತಗೊಳ್ತಿಲ್ಲ ಅಂತಾರೆ, ಏನ್ ಮಾಡೋದು ಅಂದ್ರು. ವಯಸ್ಸೆಷ್ಟು ಅಂದೆ, ಮೊನ್ನೆ 15 ತುಂಬ್ತು ಅಂದ್ರು. ಹದಿನೈದು ತುಂಬಿದ್ಮೇಲೆ ಬೆರಳು, ಕಣ್ಣು, ಫೋಟೋ ಮತ್ತೆ ಕೊಡಲೇಬೇಕು ಅಣ್ಣ, 17ರ ಒಳಗೆ ಕೊಟ್ರೆ ಅದಕ್ಕೆ ದುಡ್ಡಿಲ್ಲ, ಹಂಗೇ ಹೋದಾಗ ಜನನ ಪ್ರಮಾಣ ಪತ್ರ ತಗೊಂಡು ಹೋಗಿ ಹೆಸರೂ ಸರಿ ಮಾಡಿಸಿ, ಆದ್ರೆ ಹೋಗೋ ಮೊದಲು ಶಾಲೆಗೆ ಬಂದು ಸ್ಯಾಟ್ಸ್‌ನಲ್ಲಿ ಹೆಂಗಿದೆ ನೋಡ್ಕೊಳ್ಳಿ, ಯಾಕಂದ್ರೆ ಮುಂದಿನ ವರ್ಷ ಮಾರ್ಕ್ಸ್ ಕಾರ್ಡಲ್ಲಿ ಬರೋದು ಅದೇ ಹೆಸರು ಅಂದೆ. ಅವರು ಕೂರ್ಲಿಲ್ಲ, ಜೇಬಿಂದ ಒಂದು ಬಸ್ ಟಿಕೆಟ್ ತೆಗೆದು ಪಕ್ಕದವರ ಹತ್ರ ಪೆನ್ ಇಸ್ಕೊಂಡ್ರು. ಇನ್ನೊಂದ್ಸಲ ನಿಧಾನಕ್ಕೆ ಹೇಳಿ ಮೇಡಂ, ಬರ್ಕೋತೀನಿ ಅಂದ್ರು. ಅಷ್ಟರಲ್ಲಿ ಇನ್ನೂ ನಾಲ್ಕೈದು ಕೈ ಮೇಲೆದ್ದಿತ್ತು.